ಎದೆಗೇರಿದ ಕರುಳು: ಆಪರೇಷನ್ ಬೇಕೇ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ, ಕಾಫಿ ತೋಟದಲ್ಲಿ ಮೂಟೆ ಹೊರುತ್ತಾರೆ. ಕೆಮ್ಮಿಗೆಂದು ಎಕ್ಸ್-ರೇ ತೆಗೆಸಿದರೆ ಎಡ ಎದೆಯೊಳಗೆ ಕರುಳು ಕಂಡಿದೆ. ಹುಟ್ಟಿನಿಂದಲೇ ಇದ್ದ ಹರ್ನಿಯಾ ಅಂತಾರೆ. ಉಂಡ ಮೇಲೆ ಉಸಿರು ಕಟ್ಟುವುದು ಬಿಟ್ಟರೆ ನೋವಿಲ್ಲ. ಆಪರೇಷನ್ ಬೇಕೇ?
— ಓದುಗರು, ಸಕಲೇಶಪುರ

ಉತ್ತರ: ಬೇಕು. ನಾಳೆಯೇ ಅಲ್ಲ, ಆದರೆ ಮುಂದಿನ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಎದೆ, ಹೊಟ್ಟೆಗಳ ನಡುವಿನ ವಪೆ ಗರ್ಭದಲ್ಲಿ ಪೂರ್ತಿ ಕೂಡದೆ ಹಿಂಬದಿಯಲ್ಲಿ ಕಿಂಡಿ ಉಳಿದರೆ ಅದು ಬೋಕ್ಡಾಲೆಕ್ ಹರ್ನಿಯಾ, ಹೆಚ್ಚಾಗಿ ಎಡಕ್ಕೇ. ಬರೀ ಕೊಬ್ಬು ನುಸುಳಿದ ಸಣ್ಣ ಕಿಂಡಿಯನ್ನು ಗಮನಿಸುತ್ತಾ ಇರಬಹುದು. ಕರುಳು ಏರಿದ್ದರೆ ಹಾಗಲ್ಲ: ಅದು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಕೊಳೆಯುತ್ತದೆ, ಆಗಿನ ತುರ್ತು ಆಪರೇಷನ್ ಬಹಳ ಅಪಾಯದ್ದು.

ಮೊದಲು ಸಿ.ಟಿ. ಸ್ಕ್ಯಾನ್ ಆಗಲಿ. ಎಕ್ಸ್-ರೇಯಲ್ಲಿ ಕರುಳಿನ ಗಾಳಿ, ನೀರು ಶ್ವಾಸಕೋಶದ ಸುತ್ತ ತುಂಬಿದಂತೆ ಕಾಣಬಹುದು. ಹಾಗೆಂದುಕೊಂಡು ಎದೆಗೆ ನಳಿಕೆ ಹಾಕಿದರೆ ಕರುಳೇ ತೂತಾದೀತು. ಎಲ್ಲಿ ತೋರಿಸಿದರೂ ಹಳೆಯ ಫಿಲ್ಮ್ ಕೈಯಲ್ಲಿರಲಿ.

ಆಪರೇಷನ್ ಹೊಟ್ಟೆಯ ಕಡೆಯಿಂದ ಮಾಡಬಹುದು, ಹಲವರಿಗೆ ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯೇ ಸಾಕು. ವರ್ಷಗಟ್ಟಲೆ ಮೇಲಿದ್ದ ಕರುಳು ಎದೆಯೊಳಗೆ ಅಂಟಿಕೊಂಡಿದ್ದರೆ ಎದೆಯ ಕಡೆಯಿಂದ ಬಿಡಿಸುವುದು ಸಲೀಸು. ಕರುಳನ್ನು ಕೆಳಗಿಳಿಸಿ ಕಿಂಡಿಯನ್ನು ಕರಗದ ದಾರದಿಂದ ಹೊಲಿಯುತ್ತಾರೆ. ಅಗಲದ ಕಿಂಡಿಯನ್ನು ಬಿಗಿದೆಳೆದು ಹೊಲಿದರೆ ವಪೆ ಉಸಿರಿಗೊಮ್ಮೆ ಅಲುಗುವುದರಿಂದ ಹೊಲಿಗೆ ಹರಿಯುತ್ತದೆ. ಅಲ್ಲಿ ಮೆಶ್ (ತೇಪೆಯಂತೆ ಹಾಕುವ ಬಲೆ) ಬೇಕು. ಮಾಮೂಲಿ ಪಾಲಿಪ್ರೊಪಿಲೀನ್ ಮೆಶ್ ಕರುಳಿಗೆ ಅಂಟುತ್ತದೆ, ಕರುಳಿನ ಬದಿಗೆ ಅಂಟದ ಪದರವಿರುವುದನ್ನೇ ಕೇಳಿ.

ನಂತರ ಮೂಟೆ ಕನಿಷ್ಠ 6–8 ವಾರ ಬೇಡ. ಆ ವಾರಗಳಲ್ಲಾಗಲಿ, ಆಪರೇಷನ್‌ಗೆ ಮುಂಚೆಯೇ ಆಗಲಿ, ಹಠಾತ್ ನೋವು, ವಾಂತಿ, ಗ್ಯಾಸ್ ಹೋಗದಿರುವುದು ಕಂಡರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗದೆ ನೇರ ಹಾಸನಕ್ಕೆ, ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ.