ಜಂಕ್ಷನ್ ಮೇಲೆ ಅನುಮಾನ ಬೇಡ

ನಮಸ್ಕಾರ,

ಯಾರಿಗೆ ಯಾರ ಜೊತೆ ಸಂಪರ್ಕ ಎಂದು ತೋರಿಸುವ ಜಾಲದ ಮಾಹಿತಿಯಲ್ಲಿ ವಿಚಿತ್ರ ನೋಡ್‌ಗಳನ್ನು, ಅಂದರೆ ಉಳಿದವುಗಳಂತಿಲ್ಲದ ಬಿಂದುಗಳನ್ನು, ಮೆಷಿನ್ ಲರ್ನಿಂಗ್‌ನಿಂದ ಹಿಡಿಯುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ನಿಮ್ಮ ಮುಖ್ಯ ಮಾತೇ ತಪ್ಪಿದೆ. ಅತಿ ಹೆಚ್ಚು ಸಂಪರ್ಕ ಇರುವ ನೋಡ್ ಮೇಲೆ ಅನುಮಾನ ಪಡಬೇಕು ಅಂದಿದ್ದೀರಿ. ಗದಗಿನಿಂದ ಹುಬ್ಬಳ್ಳಿ, ಹೊಸಪೇಟೆ, ಬಾಗಲಕೋಟೆ ಕಡೆಗೆ ಮೂರು ರೈಲು ದಾರಿಗಳಿವೆ. ಪಕ್ಕದ ಸಣ್ಣ ಸ್ಟೇಷನ್ನಿಗೆ ಎರಡೇ. ಅಷ್ಟಕ್ಕೇ ಗದಗ ವಿಚಿತ್ರವೇ? ಅದು ಜಂಕ್ಷನ್, ಅಷ್ಟೇ ಅಲ್ವಾ?

ನೀವು ಬ್ಯಾಡಗಿಯವರು. ಮನೆ ಹತ್ತಿರದ ಮೆಣಸಿನಕಾಯಿ ಮಾರುಕಟ್ಟೆ ಬಿಟ್ಟು ಉದಾಹರಣೆಗೆ ಅಮೆರಿಕದ ಬ್ಯಾಂಕಿಗೆ ಯಾಕೆ ಹೋದಿರಿ? ಒಬ್ಬ ದಲಾಲರ ಹತ್ತಿರ 30 ರೈತರು ಮಾಲು ತರುತ್ತಾರೆ ಅಂದುಕೊಳ್ಳಿ. ಆ ರೈತರ ನಡುವೆ ವ್ಯಾಪಾರವಿಲ್ಲ. ವ್ಯವಹಾರ ಇರುವ ಪ್ರತಿ ಇಬ್ಬರ ನಡುವೆ ಒಂದು ಗೆರೆ ಎಳೆದರೆ 30, ನಕ್ಷತ್ರದ ಆಕಾರ. ಇನ್ನೊಬ್ಬ ದಲಾಲರಿಗೆ 30 ವ್ಯಾಪಾರಿಗಳ ಜೊತೆ ವ್ಯವಹಾರ. ಆ 30 ಜನರೂ ತಮ್ಮತಮ್ಮಲ್ಲೇ ಕೊಟ್ಟು ತಗೊಂಡು ಮಾಡುತ್ತಾರೆ. ಆಗ ಗೆರೆಗಳು 465! ನಿಮ್ಮ ಲೆಕ್ಕದಲ್ಲಿ ಇಬ್ಬರೂ ಒಂದೇ, ಯಾಕೆಂದರೆ ನೀವು ನೇರ ಸಂಪರ್ಕವನ್ನಷ್ಟೇ ಎಣಿಸಿದಿರಿ. 2010ರ ಆಡ್‌ಬಾಲ್ ವಿಧಾನ ನೆರೆಯವರ, ಅಂದರೆ ನೇರ ಸಂಪರ್ಕದಲ್ಲಿರುವವರ, ನಡುವಿನ ಗೆರೆಗಳನ್ನೂ ಎಣಿಸುತ್ತದೆ. ನೆರೆಯವರು ಇಷ್ಟು ಜನ ಇದ್ದರೆ ಗೆರೆಗಳು ಸುಮಾರು ಎಷ್ಟಿರುತ್ತವೆ ಎಂದು ಇಡೀ ಜಾಲದಿಂದ ಕಲಿತು, ಆ ಅಂದಾಜಿನಿಂದ ದೂರ ಬಿದ್ದವರನ್ನು ತೋರಿಸುತ್ತದೆ. ದಲಾಲರೇ ತುಂಬಿದ ಕಡೆ ನಕ್ಷತ್ರ ಸಹಜ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಓಣಿಯ ಫೋನ್ ಕರೆಗಳಲ್ಲಿ ಅದೇ ನಕ್ಷತ್ರ ಎದ್ದು ಕಾಣುತ್ತದೆ. ಲೇಖನದ ಜೀವ ಇಲ್ಲಿದೆ, ಇದನ್ನೇ ಬೆಳೆಸಿ.

99% ನಿಖರತೆ ಎಂಬ ಸಾಲು ತೆಗೆಯಿರಿ. 1000 ನೋಡ್‌ಗಳಲ್ಲಿ 10 ವಿಚಿತ್ರ ಇದ್ದರೆ, ಒಂದನ್ನೂ ಹಿಡಿಯದೆ ಸುಮ್ನೆ ಕೂತ ಪ್ರೋಗ್ರಾಮಿಗೂ 99% ಬರುತ್ತದೆ. ಹಿಡಿದದ್ದರಲ್ಲಿ ನಿಜವಾದವು ಎಷ್ಟು, ಇದ್ದದ್ದರಲ್ಲಿ ಸಿಕ್ಕಿದ್ದು ಎಷ್ಟು, ಅದನ್ನು ಬರೆಯಿರಿ.

'ಅಸಂಗತ ಶೃಂಗಬಿಂದು' ಬೇಡ, ವಿಚಿತ್ರ ನೋಡ್ ಸಾಕು.

ಇನ್ನೊಂದು ಮಾತು ನನಗೆ ನಿಜಕ್ಕೂ ನೋವು ತಂದಿತು. ಕೊನೆಯ ಪುಟದಲ್ಲಿ ಆ ನೋಡ್‌ಗಳನ್ನೆಲ್ಲ 'ವಂಚಕರು' ಅಂದಿದ್ದೀರಿ. ಅಣ್ಣತಮ್ಮಂದಿರ ನಾಲ್ಕು ಅಂಗಡಿಗಳೂ ಗೆರೆ ಎಳೆದರೆ ಹಾಗೇ ಕಾಣಬಹುದು. ಲೆಡ್ಜರ್ ತೆಗೆದು ನೋಡುವ ಮೊದಲು ಆ ಪದ ಯಾರ ಮೇಲೂ ಬೀಳಬಾರದು.

ಕೈಯಲ್ಲೇ ಬಿಡಿಸಿದ ಚಿತ್ರ ಚೆನ್ನಾಗಿದೆ, ಅದನ್ನು ಮೊದಲ ಪುಟಕ್ಕೆ ತನ್ನಿ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.

ಸಂಪಾದಕ, ಧಾರವಾಡ