ವಾಗ್ದಾನದ ಕಾರ್ಡಲ್ಲಿ ಬಂದ ವಚನ ನನಗೇ ಹೇಳಿದ್ದು ಅಂತ ತಗೋಬಹುದಾ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ನಿದ್ದೆ, ಆಮೇಲೆ ಬರೀಲೇಬೇಕು ಅನ್ನಿಸ್ತು. ಡಿಸೆಂಬರ್ 31ರ ರಾತ್ರಿ ಆರಾಧನೇಲಿ ವಾಗ್ದಾನದ ಕಾರ್ಡ್ (ಹೊಸ ವರ್ಷಕ್ಕೆ ಅಂತ ಒಬ್ಬೊಬ್ರೂ ಎತ್ಕೊಳ್ಳೋ, ಬೈಬಲ್ ವಚನ ಬರೆದಿರೋ ಚೀಟಿ) ತೆಗೆದಾಗ ನಿಮಗೆ ಯೆರೆಮೀಯ 29:11 ಬಂತು, ಅದೇ, ನಿಮ್ಮ ವಿಷಯದಲ್ಲಿ ನನಗಿರೋದು ಹಿತದ ಆಲೋಚನೆ, ಕೇಡಿನದ್ದಲ್ಲ ಅಂತ ದೇವರು ಹೇಳೋ ಮಾತು. ಹತ್ತು ತಿಂಗಳಾದ್ರೂ ಕೆಲಸ ಸಿಕ್ಕಿಲ್ಲ, ದೇವರು ಮಾತು ತಪ್ಪಿದ್ನಾ ಇಲ್ಲಾ ನನ್ನ ನಂಬಿಕೇನೇ ಸಾಲ್ದಾ ಅಂತ ಕೇಳಿದೀರಿ. ನನ್ನ ಪ್ರಕಾರ ಎರಡೂ ಅಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ನಮ್ಮನೇಗೂ 2019ರಲ್ಲಿ ಇದೇ ವಚನ ಬಂದಿತ್ತು. ಆಗ ಅಪ್ಪಂಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೀತಿತ್ತು. ಅಮ್ಮ ಆ ಕಾರ್ಡನ್ನ ಫ್ರಿಜ್ ಬಾಗಿಲಿಗೆ ಟೇಪ್ ಹಾಕಿ ಅಂಟಿಸಿದ್ರು, ನೀಲಿ ಕಾರ್ಡು, ಮೂಲೇಲಿ ಒಂದು ಪಾರಿವಾಳ. ಅಪ್ಪನ ಇನ್ಸುಲಿನ್ ತೆಗೆಯೋಕೆ ಹೋದಾಗೆಲ್ಲ ಅದು ಕಣ್ಣಿಗೆ ಬೀಳೋದು, ನಾನೂ ಮನಸ್ಸಲ್ಲೇ ಒಂದ್ಸಲ ಓದ್ಕೊಳ್ತಿದ್ದೆ. ಆಗಸ್ಟಲ್ಲಿ ಅಪ್ಪ ಹೋದ್ರು. ಮಣ್ಣಿಗೆ ಬಂದಿದ್ದೋರಲ್ಲಿ ಒಬ್ರು ಅಮ್ಮನ ಕೈ ಹಿಡ್ಕೊಂಡು "ವಾಗ್ದಾನ ಸಿಕ್ಕಿತ್ತಲ್ಲಮ್ಮ, ನೀವು ಇನ್ನೂ ಗಟ್ಟಿಯಾಗಿ ಹಿಡ್ಕೋಬೇಕಿತ್ತು" ಅಂದ್ರು. ಅಮ್ಮ ಏನೂ ಹೇಳ್ಲಿಲ್ಲ. ಮನೆಗೆ ಬಂದು ಸೀರೆನೂ ಬದಲಾಯಿಸ್ದೆ ನೇರ ಹೋಗಿ ಆ ಕಾರ್ಡ್ ಕಿತ್ತು ಅಪ್ಪನ ಸತ್ಯವೇದದೊಳಗೆ ಇಟ್ಬಿಟ್ರು. ಟೇಪಿನ ಗೋಂದು ಫ್ರಿಜ್ ಮೇಲೆ ಈಗ್ಲೂ ಅಂಟ್ಕೊಂಡೇ ಇದೆ.

ಮೂರು ವಾರ ಆದ್ಮೇಲೆ ನಮ್ಮ ಪಾಸ್ಟರ್ ಅಯ್ಯನವರು ಮನೆಗೆ ಬಂದ್ರು. ಸಮಾಧಾನದ ಮಾತು ಏನೂ ಆಡ್ಲಿಲ್ಲ, ಯೆರೆಮೀಯ 29 ತೆಗಿ, ಒಂದನೇ ವಚನದಿಂದ ಓದು, ಹಿಂದಿನ ಅಧ್ಯಾಯಾನೂ ಓದು ಅಂದ್ರು. ನಾನು ಚಿಕ್ಕಂದಿನಿಂದ ಸಂಡೇ ಸ್ಕೂಲಿಗೆ ಹೋದೋಳು, ಆ ವಚನ ಬಾಯಿಪಾಠ, ಆದ್ರೆ ಅದು ಒಂದು ಕಾಗದದ ಮಧ್ಯದಲ್ಲಿರೋ ಸಾಲು ಅಂತ ಅವತ್ತೇ ಗೊತ್ತಾಗಿದ್ದು.

ವಿಷಯ ಏನಂದ್ರೆ, ಕ್ರಿ.ಪೂ. 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿಂದ ರಾಜನ್ನ, ಅವನ ತಾಯಿನ, ಅಧಿಕಾರಿಗಳನ್ನ, ಬಡಗಿ ಕಮ್ಮಾರರನ್ನೂ ಸೇರಿಸಿ ಸಾವಿರಾರು ಜನರನ್ನ ಬಾಬೆಲಿಗೆ ಹಿಡ್ಕೊಂಡು ಹೋಗಿದ್ದ. ಹನನ್ಯ ಅನ್ನೋ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನು ಎರಡೇ ವರ್ಷ, ಎಲ್ರೂ ವಾಪಸ್ ಬರ್ತಾರೆ ಅಂತ ಹೇಳಿ, ಬಾಬೆಲಿನ ರಾಜನಿಗೆ ತಲೆಬಾಗಬೇಕು ಅನ್ನೋದಕ್ಕೆ ಗುರುತಾಗಿ ಯೆರೆಮೀಯ ಪ್ರವಾದಿ ಕತ್ತಿಗೆ ಹಾಕ್ಕೊಂಡಿದ್ದ ಮರದ ನೊಗ ತೆಗೆದು ಮುರಿದುಹಾಕ್ದ. ಯೋಚ್ನೆ ಮಾಡಿ, ಅಲ್ಲಿದ್ದ ಜನಕ್ಕೆ ಎಷ್ಟು ಖುಷಿಯಾಗಿರ್ಬೇಕು. ಆಮೇಲೆ ಯೆರೆಮೀಯನ ಕಾಗದ ಬಾಬೆಲಿಗೆ ಹೋಗತ್ತೆ, ಅದರಲ್ಲಿ ಎರಡು ವರ್ಷದ ಮಾತೇ ಇಲ್ಲ. ಮನೆ ಕಟ್ಕೊಳ್ಳಿ, ತೋಟ ಮಾಡಿ, ಮದುವೆ ಮಾಡ್ಕೊಳ್ಳಿ, ಮಕ್ಕಳ ಮದುವೆನೂ ಅಲ್ಲೇ ಮಾಡಿ, 70 ವರ್ಷ ತುಂಬಿದ ಮೇಲೆ ಕರ್ಕೊಂಡು ಬರ್ತೀನಿ. ಇದಾದ್ಮೇಲೇನೇ ನಮ್ಮ ಕಾರ್ಡಿನ ವಚನ ಬರೋದು.

ಆ ಕಾಗದ ಓದಿಸಿಕೊಂಡ ನಲವತ್ತು ವರ್ಷದ ಮನುಷ್ಯ ಊರಿಗೆ ವಾಪಸ್ ಹೋಗೇ ಇರಲ್ಲ ಅಲ್ವಾ. ಆ ಜನರನ್ನ ಊರಿಗೆ ಬಿಟ್ಟುಕೊಟ್ಟ ಪರ್ಷಿಯಾದ ರಾಜ ಕೋರೆಷ ಬಾಬೆಲ್ ಹಿಡಿಯೋದೇ ಕ್ರಿ.ಪೂ. 539ರಲ್ಲಿ, ಅಷ್ಟೊತ್ತಿಗೆ ಅವನು ಅಲ್ಲೇ ಮಣ್ಣಾಗಿರ್ತಾನೆ. ಹಾಗಾದ್ರೆ ಅವನಿಗೆ ದೇವರು ಮಾತು ತಪ್ಪಿದ್ನಾ? ಇಲ್ಲಿ ಕನ್ನಡದೋರಿಗೆ ಒಂದು ಅನುಕೂಲ ಇದೆ, ನಾವು ಅದನ್ನ ಗಮನಿಸೋದೇ ಇಲ್ಲ. ಇಂಗ್ಲಿಷಲ್ಲಿ ಒಬ್ರಿಗೂ ಯೂ, ನೂರು ಜನಕ್ಕೂ ಯೂ. ನಮ್ಮ ಹಳೇ ಸತ್ಯವೇದದಲ್ಲಿ ಹಾಗಲ್ಲ, ಅದರಲ್ಲಿ ಮರ್ಯಾದೆಗೆ ನೀವು ಅನ್ನಲ್ಲ, ರಾಜನಿಗೂ ನೀನು ಅಂತಾನೇ ಇರತ್ತೆ, ಹಾಗಾಗಿ ದೇವರು ನಿಮ್ಮ ಅಂದ್ರೆ ಎದುರಿಗೆ ತುಂಬ ಜನ ಇದ್ದಾರೆ ಅಂತ್ಲೇ ಅರ್ಥ. 29:11ರಲ್ಲಿ ಇರೋದು ನಿಮ್ಮ, ಮೂಲ ಹೀಬ್ರೂಲೂ ಅದು ಬಹುವಚನವೇ. ಮಾತು ಕೊಟ್ಟಿದ್ದು ಒಂದಿಡೀ ಜನಕ್ಕೆ, ಆ ನಲವತ್ತು ವರ್ಷದೋನಿಗೆ, ಅವನ ಮೊಮ್ಮಗಳಿಗೆ, ಎಲ್ಲರಿಗೂ ಸೇರಿಸಿ.

ಲೂಕ 22:31-32 ತೆಗೆದು ನೋಡಿ, ನನಗೆ ತುಂಬ ಇಷ್ಟವಾದ ಜಾಗ ಅದು. ಯೇಸು ತನ್ನ ಶಿಷ್ಯ ಪೇತ್ರನ ಹತ್ರ, ಸೈತಾನ ನಿಮ್ಮನ್ನ ಗೋಧಿ ಥರ ಕೇರೋಕೆ ಕೇಳ್ಕೊಂಡಿದ್ದಾನೆ ಅಂತಾನೆ, ಅಂದ್ರೆ ಶಿಷ್ಯರನ್ನೆಲ್ಲ. ಮುಂದಿನ ಸಾಲಲ್ಲೇ, ನಿನ್ನ ನಂಬಿಕೆ ಕುಂದಬಾರದು ಅಂತ ನಿನಗೋಸ್ಕರ ಬೇಡ್ಕೊಂಡಿದೀನಿ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನ ಬಲಪಡಿಸು ಅಂತ. ನಿಮ್ಮನ್ನ ಅಂತ ಶುರುವಾಗಿ ನಿನ್ನ ಅಂತ ತಿರುಗಿ ಮತ್ತೆ ಸಹೋದರರ ಕಡೆಗೇ ಹೋಗತ್ತೆ. ಒಬ್ಬೊಬ್ಬರನ್ನೂ ದೇವರು ನೋಡೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ನೋಡ್ತಾನೆ, ಯೆಹೋವನು ನನಗೆ ಕುರುಬನು ಅನ್ನೋ 23ನೇ ಕೀರ್ತನೆ ಇರೋದೇ ಹಾಗೆ. ಆದ್ರೆ ನೀನು ಅಂತ ಇದ್ದ ಮಾತ್ರಕ್ಕೆ ಕಿತ್ಕೊಂಡು ಇಟ್ಕೊಳ್ಳೋದೂ ಸರಿಯಲ್ಲ. ದೇವರು ಕೇಡಿಂದ, ವ್ಯಾಧಿಯಿಂದ ಕಾಪಾಡ್ತಾನೆ ಅನ್ನೋ 91ನೇ ಕೀರ್ತನೆ ಹೆಚ್ಚಾಗಿ ನೀನು ಅಂತಾನೇ ಮಾತಾಡತ್ತೆ, ಅದೇ ಕೀರ್ತನೆ ಎತ್ಕೊಂಡು ಸೈತಾನ ಯೇಸುಗೆ ದೇವಾಲಯದ ಮೇಲಿಂದ ಧುಮುಕು ಅಂದಿದ್ದು. ಯೇಸು ಆ ಕೀರ್ತನೆ ಸುಳ್ಳು ಅನ್ಲಿಲ್ಲ, ದೇವರನ್ನ ಪರೀಕ್ಷಿಸಬಾರದು ಅಂತ ಧರ್ಮೋಪದೇಶಕಾಂಡದ ಇನ್ನೊಂದು ವಾಕ್ಯ ಪಕ್ಕದಲ್ಲಿಟ್ಟ. ಒಂದು ವಾಕ್ಯಾನ ಇನ್ನೊಂದರ ಪಕ್ಕ ಇಟ್ಟು ಓದೋದನ್ನ ನಾನು ಕಲ್ತಿದ್ದು ಅಲ್ಲಿಂದ. ಕೊರೊನಾ ಟೈಮಲ್ಲಿ ನಮ್ಮ ಸಭೆ ವಾಟ್ಸಾಪ್ ಗ್ರೂಪಲ್ಲಿ ದಿನಾ ಅದೇ ಕೀರ್ತನೆ ಬರ್ತಿತ್ತು, ಮಾಸ್ಕ್ ಬೇಡ ಅಂತಿದ್ದೋರೂ ಅದನ್ನೇ ಹಾಕ್ತಿದ್ರು, ಐಸಿಯು ಹೊರಗೆ ಕೂತಿದ್ದೋರೂ ಅದನ್ನೇ ಓದ್ತಿದ್ರು, ಎರಡೂ ಒಂದೇ ಅಲ್ಲ.

ಕಾರ್ಡ್ ತೆಗೆಯೋದೇ ತಪ್ಪು ಅಂತ ಅಂದ್ಕೋಬೇಡಿ ಮತ್ತೆ. ನಮ್ಮಜ್ಜಿಗೆ ಓದೋಕೆ ಬರ್ತಿರ್ಲಿಲ್ಲ, ವರ್ಷಕ್ಕೊಂದು ವಚನ ಯಾರ ಹತ್ರಾದ್ರೂ ಓದಿಸ್ಕೊಂಡು ಅದರ ಮೇಲೇ ಬದುಕು ಸಾಗಿಸಿದ್ರು. ನಾನೂ ಪ್ರತಿ ವರ್ಷ ತೆಗೀತೀನಿ, ತೆಗೆದು ಮನೆಗೆ ಬಂದು ಆ ಅಧ್ಯಾಯ ಪೂರ್ತಿ ಓದ್ತೀನಿ, ಯಾರು ಯಾರಿಗೆ ಹೇಳಿದ್ದು, ಆಗ ಅವರ ಪರಿಸ್ಥಿತಿ ಏನಿತ್ತು ಅಂತ ನೋಡ್ತೀನಿ.

ಹಾಗಾದ್ರೆ ನನ್ನಂಥೋರಿಗೆ, ನಿಮ್ಮಂಥೋರಿಗೆ ಆ ಕಾಗದದಲ್ಲಿ ಏನಿದೆ ಅಂದ್ರೆ, 7ನೇ ವಚನ ಇದೆ. ನಿಮ್ಮನ್ನ ಸೆರೆ ಒಯ್ದಿರೋ ಪಟ್ಟಣದ ಕ್ಷೇಮ ನೋಡಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅಂತ. ತಮ್ಮನ್ನ ಹಿಡ್ಕೊಂಡು ಬಂದೋರ ಊರಿಗೋಸ್ಕರ! ಅಮ್ಮ ಅದನ್ನ ಎರಡ್ಮೂರು ಸಲ ಓದಿಸಿದ್ರು. ನಮಗೆ ಆಗ ಇಷ್ಟವಿಲ್ಲದ ಜಾಗ ಅಂದ್ರೆ ಒಂದೇ, ಅಪ್ಪ ಇದ್ದ ದೊಡ್ಡಾಸ್ಪತ್ರೆ, ಆ ಬೀದಿ ಕಡೆ ಹೋಗೋಕೂ ಸಂಕಟ ಆಗ್ತಿತ್ತು. ಕೊನೇ ಮೂರು ವಾರ ವಾರ್ಡ್ ಹೊರಗೆ ವರಾಂಡದಲ್ಲಿ ಚಾಪೆ ಹಾಕ್ಕೊಂಡು ಮಲಗಿದ್ವಿ, ಅಲ್ಲಿ ರೋಗಿಗಳ ಜೊತೆಗೆ ಬಂದಿದ್ದ ನಲವತ್ತು ಜನಕ್ಕೆ ಕೆಲಸ ಮಾಡ್ತಿದ್ದ ಪ್ಲಗ್ ಪಾಯಿಂಟ್ ಒಂದೇ, ಫೋನ್ ಚಾರ್ಜ್ ಮಾಡೋಕೆ ಸಾಲು. ಊರಿಗೆ ಫೋನ್ ಮಾಡಿ ದುಡ್ಡು ಕೇಳೋರು, ರಕ್ತ ಹುಡುಕೋರು ಎಲ್ಲಾ ಅಲ್ಲೇ ಕಾಯೋರು. ಈಗ ಪ್ರತಿ ಗುರುವಾರ ಸಂಜೆ ಅಮ್ಮ, ನಾನು ಅಲ್ಲಿಗೆ ಹೋಗ್ತೀವಿ. ದೊಡ್ಡ ಫ್ಲಾಸ್ಕಲ್ಲಿ ಟೀ, ಒಂದು ಡಬ್ಬ ಉಪ್ಪಿಟ್ಟು, ಆರು ಪಾಯಿಂಟಿನ ಎಕ್ಸ್‌ಟೆನ್ಶನ್ ಬಾಕ್ಸು, ಮೂರು ಥರ ಚಾರ್ಜರು. ಸಿಸ್ಟರ್ ಹತ್ರ ಕೇಳಿ ಪರ್ಮಿಷನ್ ತಗೊಂಡಿದೀವಿ. ಕರಪತ್ರ ಹಂಚಲ್ಲ, ಯಾರಾದ್ರೂ ನಮಗೋಸ್ಕರ ಪ್ರಾರ್ಥನೆ ಮಾಡಿ ಅಂದ್ರೆ ಮಾತ್ರ ಮಾಡ್ತೀವಿ. ಅಲ್ಲಾಹುಗೆ ದುವಾ ಮಾಡೋರೂ, ಮಾದಪ್ಪಂಗೆ ಹರಕೆ ಹೊತ್ತಿರೋರೂ ಒಂದೇ ಬಾಕ್ಸಿಗೆ ಫೋನ್ ಹಾಕಿ ಕೂತಿರ್ತಾರೆ.

ಇದರಿಂದ ಅಪ್ಪನ ವಿಷಯ ಅರ್ಥ ಆಯ್ತು ಅಂತ ಹೇಳಲ್ಲ. ನಿಮಗೂ ಕೆಲಸ ಸಿಕ್ಕೇ ಸಿಗತ್ತೆ ಅಂತ ಆ ವಚನ ತೋರಿಸಿ ಹೇಳೋ ಧೈರ್ಯ ನನಗಿಲ್ಲ, ಹಾಗೆ ಹೇಳಿದ್ರೆ ನಾನೂ ಹನನ್ಯನ ಪಕ್ಕ ನಿಂತ ಹಾಗಾಗತ್ತೆ. ಆದ್ರೆ ನಂಬಿಕೆ ಸಾಲ್ಲಿಲ್ಲ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ದಯವಿಟ್ಟು ಅದನ್ನ ಮನಸ್ಸಿಗೆ ತಗೋಬೇಡಿ, ಅಧ್ಯಾಯ ಪೂರ್ತಿ ಹುಡುಕಿದ್ರೂ ಆ ಮಾತು ಎಲ್ಲೂ ಇಲ್ಲ. ಇವತ್ತು ರಾತ್ರಿ 28, 29 ಎರಡೂ ಅಧ್ಯಾಯ ಒಟ್ಟಿಗೆ ಓದಿ, ಪೆನ್ಸಿಲ್ ಇಟ್ಕೊಂಡು ನಿಮ್ಮ, ನಿಮಗೆ ಅಂತ ಬಂದ ಕಡೆಯೆಲ್ಲ ಗೆರೆ ಎಳೀರಿ. ನಿಮ್ಮ ಜೊತೆ ಸಭೇಲಿ ಕಾರ್ಡ್ ತೆಗೆದೋರಲ್ಲಿ ಇನ್ನೂ ಯಾರಿಗೆ ಕೆಲಸ ಸಿಕ್ಕಿಲ್ಲ ಅಂತಾನೂ ಒಂದ್ಸಲ ಕೇಳಿ ನೋಡಿ, ಒಟ್ಟಿಗೆ ಕೂತು ಅಪ್ಲಿಕೇಶನ್ ಹಾಕಬಹುದು. ನಮ್ಮ ಕಾರ್ಡು ಅಪ್ಪನ ಸತ್ಯವೇದದಲ್ಲಿ ಅದೇ ಪುಟದಲ್ಲಿದೆ, ಅಮ್ಮ ಅದರ ಹಿಂದೆ ಪೆನ್ನಲ್ಲಿ 29:7 ಅಂತ ಬರ್ದಿದಾರೆ.