ಹ್ಯಾಸ್ಕೆಲ್‌ನಲ್ಲಿ ಕನ್‌ಕರೆನ್ಸಿ ಸುಲಭ ಅಂತಾರೆ, ಹಾಗಾದರೆ ಸಿಸ್ಟಮ್ಸ್ ಕೆಲಸದಲ್ಲಿ ಕಷ್ಟ ಎಲ್ಲಿ?

ನೀವು ಕೇಳಿದ್ದು ಇಷ್ಟು: ಗೋ ಭಾಷೆಯಲ್ಲಿ ನಿಮಗೆ ಕೈ ಪಳಗಿದೆ, ಸಿ ಕೂಡ ಸ್ವಲ್ಪ ಗೊತ್ತು. ಸಾವಿರಾರು ಕನೆಕ್ಷನ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಒಂದು ಮೆಸೇಜ್ ಸರ್ವರ್ ಬರೆಯಬೇಕು. ಹ್ಯಾಸ್ಕೆಲ್ ಆರಿಸಿಕೊಂಡರೆ ಎಲ್ಲೆಲ್ಲಿ ಕಷ್ಟ ಬರುತ್ತದೆ, ಆ ಭಾಷೆ ಸಿಸ್ಟಮ್ಸ್ ಕೆಲಸಕ್ಕೆ ಆಗುತ್ತದಾ?

ಆಗುತ್ತದೆ. ನಾನು ಕೆಲವು ವರ್ಷಗಳಿಂದ ಹ್ಯಾಸ್ಕೆಲ್‌ನಲ್ಲೇ ಸರ್ವರ್ ಬರೆಯುತ್ತಿದ್ದೇನೆ. ಇವತ್ತು ಹೊಸದಾಗಿ ಶುರು ಮಾಡುವುದಾದರೂ ನೀವು ಹೇಳಿದಂಥ ಕೆಲಸಕ್ಕೆ ಅದನ್ನೇ ಆರಿಸುತ್ತೇನೆ. ಆದರೆ ಭಾಷೆ ಕಲಿತರೆ ಸಾಲದು, ಅದರ ಕೆಳಗಿನ ರನ್‌ಟೈಮ್ ಹೇಗೆ ನಡೆಯುತ್ತದೆ ಅನ್ನೋದನ್ನೂ ಕಲಿಯಬೇಕು. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ ನಿಮ್ಮ ಪ್ರೋಗ್ರಾಮ್ ಜೊತೆ ಒಂದು ದೊಡ್ಡ ರನ್‌ಟೈಮ್ ಸೇರಿಸುತ್ತದೆ. ಅದರ ಬಹುಪಾಲು ಸಿ ಭಾಷೆಯಲ್ಲಿದೆ. ಥ್ರೆಡ್‌ಗಳನ್ನು (ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆಗಳನ್ನು) ಓಡಿಸುವುದು, ಬೇಡದ ಮೆಮೊರಿ ವಾಪಸ್ ಪಡೆಯುವುದು, ಎಲ್ಲ ಅದರ ಕೆಲಸ. ನಿಮ್ಮ ಕೋಡ್ ಓದಿದರೆ ಸರಿಯಾಗೇ ಕಾಣುತ್ತದೆ. ತೊಂದರೆ ಬರುವುದು ಹೆಚ್ಚಾಗಿ ಆ ಕೆಳಗಿನ ಪದರದಿಂದ.

ಮೊದಲು ಕನ್‌ಕರೆನ್ಸಿ, ಅಂದರೆ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವುದು, ಸುಲಭ ಅನ್ನೋ ಮಾತಿನ ಬಗ್ಗೆ. ಅದು ನಿಜ. ಫೋರ್ಕ್‌ಐಒ ಎಂಬ ಫಂಕ್ಷನ್ ಕರೆದರೆ ಹುಟ್ಟುವ ಥ್ರೆಡ್ ಸುಮಾರು 1 ಕಿಲೋಬೈಟ್ ಸ್ಟ್ಯಾಕ್‌ನಿಂದ ಶುರುವಾಗುತ್ತದೆ, ಬೇಕಾದಂತೆ ಬೆಳೆಯುತ್ತದೆ. ಒಂದು ಲ್ಯಾಪ್‌ಟಾಪ್‌ನಲ್ಲಿ ಲಕ್ಷಗಟ್ಟಲೆ ಥ್ರೆಡ್ ಇಟ್ಟುಕೊಳ್ಳಬಹುದು. ಕನೆಕ್ಷನ್‌ಗೆ ಒಂದರಂತೆ ಥ್ರೆಡ್ ಕೊಟ್ಟು, ಸಾಲು ಸಾಲಾಗಿ ಸಾದಾ ಕೋಡ್ ಬರೆಯಿರಿ. ಕಾಲ್‌ಬ್ಯಾಕ್ ಬೇಡ. ಲಿನಕ್ಸ್‌ನಲ್ಲಿ ರನ್‌ಟೈಮ್ ತಾನೇ ಇಪೋಲ್ ಎಂಬ ಕರ್ನಲ್ ಸೌಲಭ್ಯ ಬಳಸಿ ಯಾವ ಸಾಕೆಟ್ ಸಿದ್ಧವಾಗಿದೆ ಎಂದು ನೋಡಿ, ಅದರ ಥ್ರೆಡ್ ಎಬ್ಬಿಸುತ್ತದೆ. 2014ರಲ್ಲಿ ಬಂದ ಜಿಎಚ್‌ಸಿ 7.8 ಆವೃತ್ತಿಯಿಂದ ಈ ಭಾಗ ಹಲವು ಕೋರ್‌ಗಳಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಗೋದ ಹಗುರ ಥ್ರೆಡ್‌ಗಳಾದ ಗೋರುಟೀನ್ ಬಲ್ಲ ನಿಮಗೆ ಇದು ಹೊಸದಲ್ಲ.

ನಿಮಗೆ ಹೊಸದು ಎಸ್‌ಟಿಎಂ (ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮೊರಿ), ಅಂದರೆ ಹಂಚಿಕೊಂಡ ಮೆಮೊರಿಯ ಹಲವು ಬದಲಾವಣೆಗಳನ್ನು ಒಂದೇ ಏಟಿಗೆ ಮಾಡುವ ವಿಧಾನ. 2005ರಲ್ಲಿ ಟಿಮ್ ಹ್ಯಾರಿಸ್, ಸೈಮನ್ ಮಾರ್ಲೋ, ಸೈಮನ್ ಪೇಟನ್ ಜೋನ್ಸ್ ಮತ್ತು ಮಾರಿಸ್ ಹರ್ಲಿಹಿ ಬರೆದ ಪ್ರಬಂಧದಿಂದ ಇದು ಹ್ಯಾಸ್ಕೆಲ್‌ಗೆ ಬಂತು. ನಿಮ್ಮ ಸರ್ವರ್‌ನಲ್ಲಿ ಒಬ್ಬ ಬಳಕೆದಾರರನ್ನು ಒಂದು ರೂಮ್‌ನಿಂದ ತೆಗೆದು ಇನ್ನೊಂದಕ್ಕೆ ಸೇರಿಸಬೇಕು ಅಂದುಕೊಳ್ಳಿ. ಲಾಕ್ ಬಳಸಿದರೆ ಎರಡೂ ರೂಮ್‌ಗಳ ಲಾಕ್ ಹಿಡಿಯಬೇಕು, ಯಾವುದು ಮೊದಲು ಎಂಬ ಕ್ರಮವನ್ನು ಇಡೀ ಪ್ರೋಗ್ರಾಮ್ ಪಾಲಿಸಬೇಕು. ಇಲ್ಲಿ ‘ತೆಗೆ’ ಮತ್ತು ‘ಸೇರಿಸು’ ಎಂಬ ಎರಡು ಫಂಕ್ಷನ್‌ಗಳನ್ನು ಒಂದರ ಕೆಳಗೆ ಒಂದು ಬರೆದು, ಒಂದೇ ಟ್ರಾನ್ಸಾಕ್ಷನ್ ಆಗಿ ಓಡಿಸಿದರೆ ಮುಗಿಯಿತು. ನಡುವಿನ ಸ್ಥಿತಿ ಬೇರೆ ಯಾರಿಗೂ ಕಾಣುವುದಿಲ್ಲ. ಟ್ರಾನ್ಸಾಕ್ಷನ್ ಒಳಗೆ ಸಾಕೆಟ್‌ಗೆ ಬರೆಯಲು ಹೋದರೆ ಟೈಪ್ ಹೊಂದದೆ ಕೋಡ್ ಕಂಪೈಲ್ ಆಗುವುದೇ ಇಲ್ಲ. ಮತ್ತೆ ಮತ್ತೆ ಓಡಬಹುದಾದ ಕೋಡ್‌ನಲ್ಲಿ ಹೊರಗಿನ ಕೆಲಸ ಸೇರಿಕೊಳ್ಳದಂತೆ ಕಾಯುವುದು ಆ ಟೈಪ್. ಬೇರೆ ಕೆಲವು ಭಾಷೆಗಳಲ್ಲಿ ಎಸ್‌ಟಿಎಂ ಪ್ರಯತ್ನಗಳು ಸೊರಗಿದ್ದಕ್ಕೆ ಈ ಕಾವಲು ಇಲ್ಲದ್ದು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಎಸ್‌ಟಿಎಂಗೂ ಮಿತಿ ಇದೆ. ಯಾರು ಮೊದಲು ಬಂದರು ಅಂತ ಅದು ನೋಡುವುದಿಲ್ಲ. ನೂರಾರು ಟಿವಾರ್ (ಎಸ್‌ಟಿಎಂನ ಹಂಚಿಕೊಂಡ ವೇರಿಯಬಲ್) ಓದುವ ಉದ್ದನೆಯ ಟ್ರಾನ್ಸಾಕ್ಷನ್ ಮುಗಿಯುವ ಮೊದಲೇ ಚಿಕ್ಕ ಚಿಕ್ಕ ಬರಹಗಳು ಅದನ್ನು ಕೆಡಿಸುತ್ತಾ ಇದ್ದರೆ, ಪಾಪ ಅದು ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡುತ್ತಲೇ ಇರುತ್ತದೆ. ಎಲ್ಲ ರೂಮ್‌ಗಳನ್ನೂ ಒಂದೇ ಮ್ಯಾಪ್‌ನಲ್ಲಿಟ್ಟು, ಆ ಮ್ಯಾಪನ್ನು ಒಂದೇ ಟಿವಾರ್‌ನಲ್ಲಿ ಇಡಬೇಡಿ. ರೂಮ್‌ಗೊಂದು ಟಿವಾರ್ ಇಡಿ. ಸರದಿ ಮುಖ್ಯ ಆಗಿರುವ ಕಡೆ ಎಂವಾರ್ (ಥ್ರೆಡ್‌ಗಳು ಹಂಚಿಕೊಳ್ಳುವ, ಒಂದೇ ಮೌಲ್ಯ ಹಿಡಿಯುವ ಪೆಟ್ಟಿಗೆ) ಬಳಸಿ, ಅದು ಕಾಯುವವರನ್ನು ಬಂದ ಕ್ರಮದಲ್ಲೇ ಎಬ್ಬಿಸುತ್ತದೆ.

ಈಗ ಹ್ಯಾಸ್ಕೆಲ್‌ಗೇ ವಿಶೇಷವಾದ ಕಷ್ಟಕ್ಕೆ ಬರೋಣ. ಇದು ಬೇರೆ ಭಾಷೆಯಿಂದ ಬಂದವರಿಗೆ ಊಹೆಗೂ ಬರುವುದಿಲ್ಲ. ಹ್ಯಾಸ್ಕೆಲ್ ಸೋಮಾರಿ ಭಾಷೆ, ಬೇಕಾಗುವ ತನಕ ಲೆಕ್ಕ ಹಾಕುವುದಿಲ್ಲ. ಎಂವಾರ್ ಒಳಗೆ ನೀವು ಇಟ್ಟದ್ದು ಉತ್ತರ ಅಲ್ಲ, ‘ಮುಂದೆ ಲೆಕ್ಕ ಹಾಕು’ ಎಂದು ಬರೆದ ಚೀಟಿ. ಇದಕ್ಕೆ ಥಂಕ್ ಅನ್ನುತ್ತಾರೆ. ಎಂಟು ವರ್ಕರ್ ಥ್ರೆಡ್‌ಗಳು ಮೆಸೇಜ್‌ಗಳನ್ನು ಪಾರ್ಸ್ ಮಾಡಿ (ಬಿಡಿಸಿ ಓದಿ) ಫಲಿತಾಂಶವನ್ನು ಒಂದು ಕ್ಯೂಗೆ ಹಾಕುತ್ತಿವೆ ಅನ್ನಿ. ಕೋಡ್ ನೋಡಿದರೆ ಎಂಟು ಕೋರ್‌ಗಳಿಗೂ ಕೆಲಸ ಹಂಚಿದೆ. ನಿಜವಾಗಿ ಆಗುವುದು ಏನು? ಎಂಟೂ ಥ್ರೆಡ್‌ಗಳು ಸುಮ್ನೆ ಥಂಕ್ ಕಟ್ಟಿ ಕ್ಯೂಗೆ ಎಸೆಯುತ್ತವೆ. ಕ್ಯೂನಿಂದ ತೆಗೆಯುವ ಒಂದೇ ಥ್ರೆಡ್ ಎಲ್ಲ ಪಾರ್ಸಿಂಗನ್ನೂ ತಾನೇ ಮಾಡುತ್ತದೆ. ನಾನು ಕೆಲಸ ಮಾಡಿದ ಒಂದು ಸರ್ವಿಸ್‌ನಲ್ಲಿ ಇದೇ ಆಗುತ್ತಿತ್ತು. ಯಾವ ಕೋರ್ ಯಾವಾಗ ಓಡಿತು ಎಂದು ತೋರಿಸುವ ಥ್ರೆಡ್‌ಸ್ಕೋಪ್‌ನಲ್ಲಿ ನೋಡಿದಾಗ ಒಂದು ಕೋರ್ ಪೂರ್ತಿ ಉರಿಯುತ್ತಿತ್ತು, ಉಳಿದವು ಖಾಲಿ ಕೂತಿದ್ದವು. ಬಗ್ ಅಂತ ತೋರಿಸಲು ಒಂದು ಸಾಲೂ ಇರಲಿಲ್ಲ. ಎಲ್ಲ ಉತ್ತರಗಳೂ ಸರಿಯಾಗಿದ್ದವು.

ಇದರ ಇನ್ನೊಂದು ರೂಪ ಕೌಂಟರ್. ಎಂವಾರ್‌ನಲ್ಲಿರುವ ಸಂಖ್ಯೆಗೆ ಒಂದು ಕೂಡಿಸುತ್ತಾ ಹೋಗುತ್ತೀರಿ, ಯಾರೂ ಅದನ್ನು ಓದುವುದಿಲ್ಲ. ಲಕ್ಷ ಸಲ ಕೂಡಿಸಿದ ಮೇಲೆ ಅಲ್ಲಿ ಇರುವುದು ಸಂಖ್ಯೆಯಲ್ಲ, ಲಕ್ಷ ಥಂಕ್‌ಗಳ ಸರಪಳಿ. ಮೆಮೊರಿ ಮೆಲ್ಲಗೆ ಏರುತ್ತದೆ. ಆಮೇಲೆ ಯಾವುದೋ ಮೆಟ್ರಿಕ್ಸ್ ಥ್ರೆಡ್ ಬಂದು ಓದಿದಾಗ ಅಷ್ಟೂ ಲೆಕ್ಕ ಒಂದೇ ಸಲ ಅದರ ತಲೆ ಮೇಲೆ ಬೀಳುತ್ತದೆ.

ಪರಿಹಾರ ಗೊತ್ತಿರುವುದೇ. ಥ್ರೆಡ್‌ನಿಂದ ಥ್ರೆಡ್‌ಗೆ ಹೋಗುವ ಪ್ರತಿ ಮೌಲ್ಯವನ್ನೂ ಕೊಡುವ ಮೊದಲೇ ಲೆಕ್ಕ ಹಾಕಿಸಿ. ಸಾದಾ ಮೌಲ್ಯಕ್ಕೆ ‘ಇವ್ಯಾಲ್ಯುಯೇಟ್’ ಸಾಕು. ಒಳಗೊಳಗೆ ಪದರಗಳಿರುವ ಡೇಟಾ ಆದರೆ ಅದರ ಜೊತೆ ಡೀಪ್‌ಸೆಕ್ ಲೈಬ್ರರಿಯ ‘ಫೋರ್ಸ್’ ಕೂಡ ಬೇಕು. ನಿಮ್ಮ ಡೇಟಾ ಟೈಪ್‌ಗಳ ಫೀಲ್ಡ್‌ಗಳಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸ್ಟ್ರಿಕ್ಟ್ (ಆಗಲೇ ಲೆಕ್ಕ ಹಾಕುವಂತೆ) ಮಾಡಿ, ಮ್ಯಾಪ್‌ನ ಸ್ಟ್ರಿಕ್ಟ್ ಮಾಡ್ಯೂಲನ್ನೇ ಇಂಪೋರ್ಟ್ ಮಾಡಿ. ಕೋಡ್ ರಿವ್ಯೂನಲ್ಲಿ ಕ್ಯೂ, ಎಂವಾರ್, ಟಿವಾರ್ ಕಂಡ ಕಡೆಯೆಲ್ಲ ‘ಈ ಲೆಕ್ಕ ಯಾವ ಥ್ರೆಡ್‌ನಲ್ಲಿ ನಡೆಯುತ್ತದೆ?’ ಎಂದು ಕೇಳಿ.

ಸಿ ಕೋಡ್ ಕರೆಯುವ ಜಾಗವೂ ಅಷ್ಟೇ ಅಪಾಯದ್ದು. ಹ್ಯಾಸ್ಕೆಲ್‌ನಿಂದ ಸಿ ಫಂಕ್ಷನ್ ಕರೆಯುವಾಗ ‘ಸೇಫ್’ ಅಥವಾ ‘ಅನ್‌ಸೇಫ್’ ಎಂದು ಬರೆಯಬಹುದು. ಅನ್‌ಸೇಫ್ ಬಹಳ ಅಗ್ಗ, ಹೆಚ್ಚುಕಡಿಮೆ ಸಾದಾ ಸಿ ಕರೆಯಷ್ಟೇ. ಆದರೆ ಆ ಕರೆ ಮುಗಿಯುವ ತನಕ ಹ್ಯಾಸ್ಕೆಲ್ ಥ್ರೆಡ್‌ಗಳನ್ನು ಓಡಿಸುವ ಒಂದು ಕೇಪಬಿಲಿಟಿ ಅಲ್ಲೇ ಸಿಕ್ಕಿಬೀಳುತ್ತದೆ. ಅಷ್ಟೇ ಅಲ್ಲ, ಗಾರ್ಬೇಜ್ ಕಲೆಕ್ಷನ್ (ಬೇಡದ ಮೆಮೊರಿ ಗುಡಿಸುವುದು) ಶುರುವಾಗಲು ಎಲ್ಲ ಕೇಪಬಿಲಿಟಿಗಳೂ ನಿಲ್ಲಬೇಕು. ಒಂದು ಅನ್‌ಸೇಫ್ ಕರೆ ಡಿಸ್ಕ್‌ಗೋ ಡಿಎನ್‌ಎಸ್‌ಗೋ ಅರ್ಧ ಸೆಕೆಂಡ್ ಕಾದರೆ, ಉಳಿದವರೆಲ್ಲ ಕೆಲಸ ಬಿಟ್ಟು ಅದಕ್ಕಾಗಿ ಕಾಯುತ್ತಾರೆ. ಸೇಫ್ ಕರೆ ಸ್ವಲ್ಪ ದುಬಾರಿ, ಆದರೆ ಕೇಪಬಿಲಿಟಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಹೋಗುತ್ತದೆ. ಥ್ರೆಡೆಡ್ ಆಯ್ಕೆ ಕೊಟ್ಟು ಬಿಲ್ಡ್ ಮಾಡಿದ್ದರೆ ಮಾತ್ರ ಇದು ನಿಜ. ಅದನ್ನು ಮರೆತರೆ ಸೇಫ್ ಕರೆಯೂ ಎಲ್ಲರನ್ನೂ ನಿಲ್ಲಿಸುತ್ತದೆ. ನೀವು ಬಳಸುವ ಡೇಟಾಬೇಸ್, ಕಂಪ್ರೆಷನ್, ಕ್ರಿಪ್ಟೋ ಲೈಬ್ರರಿಗಳ ಒಳಗೆ ಯಾವುದು ಬಳಸಿದ್ದಾರೆ ಅಂತ ತೆರೆದು ನೋಡಿ.

ಥ್ರೆಡ್ ಬದಲಾವಣೆಯಲ್ಲೂ ಇಂಥದ್ದೇ ಒಂದು ಮೂಲೆ ಇದೆ. ರನ್‌ಟೈಮ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಸರದಿ ಬದಲಿಸುತ್ತದೆ. ಆದರೆ ಥ್ರೆಡ್ ಮೆಮೊರಿ ಕೇಳಿದಾಗ ಮಾತ್ರ ಅದನ್ನು ನಿಲ್ಲಿಸಲು ಆಗುತ್ತದೆ. ಮೆಮೊರಿಯನ್ನೇ ಕೇಳದ ಬಿಗಿಯಾದ ಲೂಪ್ ಇದ್ದರೆ ಟೈಮ್‌ಔಟ್ ಕೂಡ ಕೆಲಸ ಮಾಡುವುದಿಲ್ಲ. ಗೋದಲ್ಲೂ ಬಿಗಿ ಲೂಪ್‌ಗಳ ತೊಂದರೆ 2020ರ 1.14 ಆವೃತ್ತಿ ತನಕ ಇತ್ತು, ನಿಮಗೆ ನೆನಪಿರಬಹುದು. ಜಿಎಚ್‌ಸಿಯಲ್ಲಿ ‘ನೋ ಒಮಿಟ್ ಯೀಲ್ಡ್ಸ್’ ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ನಿಮ್ಮ ಕೋಡ್‌ನಲ್ಲಿ ಇದು ಸರಿಹೋಗುತ್ತದೆ. ಮೆಸೇಜ್ ಸರ್ವರ್‌ನಲ್ಲಿ ಇದು ಅಪರೂಪ.

ಅಸಿಂಕ್ರೊನಸ್ ಎಕ್ಸೆಪ್ಷನ್ ಬಗ್ಗೆ ನನಗೆ ಗೌರವವೂ ಇದೆ, ಭಯವೂ ಇದೆ. ಇದನ್ನು ಎಸೆದು ಒಂದು ಥ್ರೆಡ್ ಇನ್ನೊಂದನ್ನು ಯಾವುದೇ ಕ್ಷಣದಲ್ಲಿ ನಿಲ್ಲಿಸಬಹುದು. ಗೋದಲ್ಲಿ ಹಾಗಿಲ್ಲ, ‘ನಿಲ್ಲು’ ಎಂಬ ಸುದ್ದಿ ಒಯ್ಯುವ ಕಾಂಟೆಕ್ಸ್ಟನ್ನು ಎಲ್ಲ ಫಂಕ್ಷನ್‌ಗಳಿಗೂ ದಾಟಿಸುತ್ತಾ ಹೋಗಬೇಕು ಅಲ್ವಾ? ಇದರ ಶಕ್ತಿ ನೋಡಬೇಕಾದರೆ ಫೇಸ್‌ಬುಕ್‌ನ ಸಿಗ್ಮಾ ನೋಡಿ. ಸ್ಪ್ಯಾಮ್ ತಡೆಯುವ ಈ ವ್ಯವಸ್ಥೆಯನ್ನು ಅವರು ಹ್ಯಾಸ್ಕೆಲ್‌ಗೆ ತಂದರು. 2015ರ ಹೊತ್ತಿಗೆ ಅದು ಸೆಕೆಂಡಿಗೆ 10 ಲಕ್ಷಕ್ಕೂ ಜಾಸ್ತಿ ರಿಕ್ವೆಸ್ಟ್ ನೋಡಿಕೊಳ್ಳುತ್ತಿತ್ತು. ಒಂದು ರಿಕ್ವೆಸ್ಟ್ ಮಿತಿ ಮೀರಿ ಮೆಮೊರಿ ತಿಂದರೆ, ಅದರ ಥ್ರೆಡ್‌ಗೆ ರನ್‌ಟೈಮೇ ಇಂಥ ಎಕ್ಸೆಪ್ಷನ್ ಎಸೆದು ಮುಗಿಸುತ್ತದೆ. ಆ ಸೌಲಭ್ಯವನ್ನು ಆಗ ಅಲ್ಲಿದ್ದ ಸೈಮನ್ ಮಾರ್ಲೋ ಜಿಎಚ್‌ಸಿಗೇ ಸೇರಿಸಿದರು.

ಭಯ ಯಾಕೆ ಅಂದರೆ, ಸಾಕೆಟ್ ತೆರೆದ ಮೇಲೆ, ಮುಚ್ಚುವ ವ್ಯವಸ್ಥೆ ಮಾಡುವ ಮೊದಲು, ಆ ಚಿಕ್ಕ ಸಂದಿಯಲ್ಲಿ ಎಕ್ಸೆಪ್ಷನ್ ಬಂದರೆ ಸಾಕೆಟ್ ಸೋರಿಹೋಗುತ್ತದೆ. ಅದಕ್ಕೇ ತೆರೆಯುವುದನ್ನೂ ಮುಚ್ಚುವುದನ್ನೂ ಜೋಡಿಸುವ ‘ಬ್ರಾಕೆಟ್’ ಇರುವುದು. ಅದನ್ನು ಬಿಟ್ಟು ಕೈಯಲ್ಲೇ ಬರೆಯಲು ಹೋಗಬೇಡಿ. ಎಕ್ಸೆಪ್ಷನ್ ತಡೆಯಲು ಮಾಸ್ಕ್ ಹಾಕಿದ ಕೋಡ್ ಒಳಗೂ ಖಾಲಿ ಎಂವಾರ್‌ಗಾಗಿ ಕಾಯುವಾಗ ಎಕ್ಸೆಪ್ಷನ್ ನುಗ್ಗಬಹುದು, ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಲ್ಲ ಎಕ್ಸೆಪ್ಷನ್‌ಗಳನ್ನೂ ಹಿಡಿದು ಲಾಗ್ ಮಾಡಿ ಮುಂದೆ ಹೋಗುವ ಲೂಪ್ ಇದ್ದರೆ ಅದು ‘ನಿಲ್ಲು’ ಎಂಬ ಆದೇಶವನ್ನೂ ನುಂಗುತ್ತದೆ, ಥ್ರೆಡ್ ಸಾಯುವುದೇ ಇಲ್ಲ. ಬರಿಯ ಫೋರ್ಕ್‌ಐಒ ಬದಲು ಅಸಿಂಕ್ ಲೈಬ್ರರಿಯ ‘ವಿತ್‌ಅಸಿಂಕ್’ ಬಳಸಿ. ಫೋರ್ಕ್‌ಐಒದಲ್ಲಿ ಹುಟ್ಟಿದ ಥ್ರೆಡ್ ಎಕ್ಸೆಪ್ಷನ್‌ನಿಂದ ಸತ್ತರೆ ಎರರ್ ಔಟ್‌ಪುಟ್‌ನಲ್ಲಿ ಒಂದು ಸಾಲು ಬರುತ್ತದೆ ಅಷ್ಟೇ, ಹುಟ್ಟಿಸಿದ ಥ್ರೆಡ್‌ಗೆ ಸುದ್ದಿಯೇ ಇರುವುದಿಲ್ಲ.

ಮೆಮೊರಿ ವಿಷಯದಲ್ಲಿ ಗೋ ನಿಮಗೆ ಒಳ್ಳೆಯ ಅಭ್ಯಾಸ ಕಲಿಸಿಲ್ಲ, ಯಾಕೆಂದರೆ ಅದರ ಗಾರ್ಬೇಜ್ ಕಲೆಕ್ಟರ್ ಪ್ರೋಗ್ರಾಮನ್ನು ನಿಲ್ಲಿಸುವುದು ಬಹಳ ಕಡಿಮೆ ಹೊತ್ತು. ಜಿಎಚ್‌ಸಿಯ ಸಾಮಾನ್ಯ ಕಲೆಕ್ಟರ್ ಎಲ್ಲರನ್ನೂ ನಿಲ್ಲಿಸಿ, ಬದುಕಿರುವ ಡೇಟಾವನ್ನು ಹೊಸ ಜಾಗಕ್ಕೆ ನಕಲು ಮಾಡುತ್ತದೆ. ದೊಡ್ಡ ಕಲೆಕ್ಷನ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಬದುಕಿರುವ ಡೇಟಾ ಎಷ್ಟಿದೆ ಅನ್ನೋದರ ಮೇಲೆ ಹೋಗುತ್ತದೆ. ಹಳೆಯ ಮೆಸೇಜ್‌ಗಳನ್ನೆಲ್ಲ ಹೀಪ್‌ನಲ್ಲೇ (ಕಲೆಕ್ಟರ್ ನೋಡಿಕೊಳ್ಳುವ ಮೆಮೊರಿಯಲ್ಲೇ) ಇಟ್ಟುಕೊಂಡರೆ ನಿಮಗೆ ಈ ನೋವು ಖಂಡಿತ. 2020ರ 8.10 ಆವೃತ್ತಿಯಲ್ಲಿ ಹಳೆಯ ಡೇಟಾವನ್ನು ಕದಲಿಸದೆ, ಪ್ರೋಗ್ರಾಮ್ ಜೊತೆಜೊತೆಗೇ ಗುಡಿಸುವ ಇನ್ನೊಂದು ಕಲೆಕ್ಟರ್ ಬಂತು. ನಿಲುಗಡೆ ಕಡಿಮೆಯಾಗುತ್ತದೆ, ಒಟ್ಟು ವೇಗ ಸ್ವಲ್ಪ ಬಿಟ್ಟುಕೊಡಬೇಕು. ಸ್ಟ್ರಿಂಗ್ ಟೈಪ್ ಬಳಸಲೇಬೇಡಿ. 64 ಬಿಟ್ ಯಂತ್ರದಲ್ಲಿ ಒಂದೊಂದು ಅಕ್ಷರಕ್ಕೂ ಕನಿಷ್ಠ 24 ಬೈಟ್ ಹೋಗುತ್ತದೆ. ಬೈಟ್‌ಸ್ಟ್ರಿಂಗ್ ಬಳಸಿ, ಆದರೆ ದೊಡ್ಡ ಬಫರ್‌ನಿಂದ ಕತ್ತರಿಸಿದ ಚಿಕ್ಕ ತುಂಡನ್ನು ಬಹಳ ಕಾಲ ಇಟ್ಟುಕೊಳ್ಳುವುದಾದರೆ ನಕಲು ಮಾಡಿಕೊಳ್ಳಿ. ಇಲ್ಲದಿದ್ದರೆ ಇಡೀ ಬಫರ್ ಬದುಕಿರುತ್ತದೆ.

ಕರ್ನಲ್ ಒಳಗಿನ ಕೋಡ್, ಆಡಿಯೊ, ಮಿಲಿಸೆಕೆಂಡ್ ತಪ್ಪಬಾರದ ಕಂಟ್ರೋಲ್ ಕೆಲಸಕ್ಕೆ ಹ್ಯಾಸ್ಕೆಲ್ ಬೇಡ, ರಸ್ಟ್ ಅಥವಾ ಸಿ ಹಿಡಿಯಿರಿ. ಆದರೂ ಅಲ್ಲಿ ಅದಕ್ಕೆ ಒಂದು ಪಾತ್ರ ಇದೆ. ಎಸ್‌ಇಎಲ್4 ಎಂಬ ಚಿಕ್ಕ ಆಪರೇಟಿಂಗ್ ಸಿಸ್ಟಮ್ ತಿರುಳಿನ (ಮೈಕ್ರೊಕರ್ನಲ್) ಮೂಲಮಾದರಿಯನ್ನು ಆಸ್ಟ್ರೇಲಿಯಾದ ತಂಡ ಮೊದಲು ಹ್ಯಾಸ್ಕೆಲ್‌ನಲ್ಲಿ ಬರೆದು ಓಡಿಸಿ ನೋಡಿತು. ಆಮೇಲೆ ಕೈಯಿಂದ ಸಿ ಭಾಷೆಗೆ ತಂದಿತು. ಆ ಸಿ ಕೋಡ್ ಸರಿಯಿದೆ ಎಂಬ ಗಣಿತದ ರುಜುವಾತು 2009ರಲ್ಲಿ ಮುಗಿಯಿತು.

ನಿಮ್ಮ ಸರ್ವರ್‌ಗೆ ವಾಪಸ್ ಬಂದರೆ, ಕಂಟೇನರ್‌ನಲ್ಲಿ ಓಡಿಸುವ ಮುಂಚೆ ಕೇಪಬಿಲಿಟಿಗಳ ಸಂಖ್ಯೆಯನ್ನು ನೀವೇ ಬರೆದು ಕೊಡಿ. ಅದನ್ನು ಹೇಳುವ ‘ಎನ್’ ಆಯ್ಕೆಯನ್ನು ಸಂಖ್ಯೆ ಇಲ್ಲದೆ ಬಿಟ್ಟರೆ, ಕಂಟೇನರ್‌ಗೆ ಎರಡೇ ಕೋರ್‌ಗಳ ಪಾಲು ಇದ್ದರೂ ರನ್‌ಟೈಮ್ ಇಡೀ ಯಂತ್ರದ ಕೋರ್‌ಗಳನ್ನು ಎಣಿಸಬಹುದು. ಆಗ ಕಲೆಕ್ಟರ್‌ನ ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತಾ ಸಮಯ ಸುಡುತ್ತವೆ. ಮೊದಲ ವಾರವೇ ಬಂದದ್ದನ್ನೇ ವಾಪಸ್ ಕಳಿಸುವ ಒಂದು ಖಾಲಿ ಎಕೋ ಸರ್ವರ್ ಬರೆದು, ನಿಜವಾದಷ್ಟೇ ಕನೆಕ್ಷನ್ ಹಾಕಿ, ರನ್‌ಟೈಮ್ ಮಾಡಿದ್ದನ್ನು ದಾಖಲಿಸುವ ಇವೆಂಟ್‌ಲಾಗ್ ಆನ್ ಮಾಡಿ ಓಡಿಸಿ. ರನ್‌ಟೈಮ್ ಕೊನೆಗೆ ಅಚ್ಚು ಹಾಕುವ ವರದಿಯಲ್ಲಿ ಗರಿಷ್ಠ ನಿಲುಗಡೆ ಎಷ್ಟು ಅಂತ ಪ್ರತಿ ಬಿಲ್ಡ್‌ಗೂ ಬರೆದಿಟ್ಟುಕೊಳ್ಳಿ. ಅದು ನಿಮ್ಮ ಮಿತಿ ದಾಟಿದ ದಿನವೇ ಕಾರಣ ಹುಡುಕಿದರೆ ಒಂದು ಕಮಿಟ್ ನೋಡಿದರೆ ಸಾಕಾಗುತ್ತದೆ.